ಹಿತ್ತಲ ಪನ್ನೀರು ಗುಲಾಬಿ: ಒಂದೇ ಗಿಡದ ಇನ್ನೂರು ವರ್ಷ

ಶಿವಮೊಗ್ಗದ ಹಳೆಯ ಬಡಾವಣೆಗಳಲ್ಲಿ, ಇಲ್ಲವೆ ಭದ್ರಾವತಿಯ ನ್ಯೂಟೌನ್, ಕಾಗದನಗರಗಳ ಕ್ವಾರ್ಟರ್ಸುಗಳ ನಡುವೆ ಒಂದು ಬೆಳಿಗ್ಗೆ ನಡೆದು ನೋಡಿ. ಮನೆಗಳ ಮುಂದೆ ಎರಡು ಬಗೆಯ ಗುಲಾಬಿ ಗಿಡಗಳು ಕಾಣುತ್ತವೆ. ಒಂದು, ನರ್ಸರಿಯಿಂದ ಹಣ ಕೊಟ್ಟು ತಂದದ್ದು. ಕುಂಡದಲ್ಲಿರುತ್ತದೆ. ಉದ್ದನೆಯ ತೊಟ್ಟಿನ ಮೇಲೆ ಒಂದೇ ದೊಡ್ಡ ಹೂವು; ಬಣ್ಣ ಕೆಂಪು, ಹಳದಿ, ಕಿತ್ತಳೆ, ಏನು ಬೇಕಾದರೂ ಇರಬಹುದು. ಮೂಗಿನ ಬಳಿ ತಂದರೆ ಅನೇಕ ವೇಳೆ ವಾಸನೆಯೇ ಇರುವುದಿಲ್ಲ. ಇನ್ನೊಂದು, ಬಾವಿಕಟ್ಟೆಯ ಪಕ್ಕದಲ್ಲೋ ಬಚ್ಚಲ ನೀರು ಹರಿಯುವ ಕಡೆಯಲ್ಲೋ ಪೊದೆಯಾಗಿ ನಿಂತಿರುತ್ತದೆ. ಹೂವು ಗುಲಾಬಿ ಬಣ್ಣದ್ದು, ಗೊಂಚಲಾಗಿ ಬಿಡುತ್ತದೆ, ಸಂಜೆಯ ಹೊತ್ತಿಗೆ ದಳ ಉದುರಿಸುತ್ತದೆ. ಆದರೆ ಪರಿಮಳ ಅಂಗಳದ ತುಂಬ. ಇದನ್ನು ಯಾರೂ ಕೊಂಡು ತಂದಿರುವುದಿಲ್ಲ. ಪಕ್ಕದ ಮನೆಯವರು ಕೊಟ್ಟ ಕಡ್ಡಿಯಿಂದ, ಇಲ್ಲವೆ ತವರಿನಿಂದ ತಂದ ಕಡ್ಡಿಯಿಂದ ಬಂದದ್ದು. ನಾಟಿ ಗುಲಾಬಿ, ಪನ್ನೀರು ಗುಲಾಬಿ, ಎಡ್ವರ್ಡ್ ಗುಲಾಬಿ ಎಂಬ ಹೆಸರುಗಳು ಇದಕ್ಕಿವೆ.

ಎರಡೂ ಗುಲಾಬಿಗಳೇ, ಎರಡನ್ನೂ ರೂಪಿಸಿದ್ದು ಮನುಷ್ಯನೇ. ಆದರೆ ಇವೆರಡರ ಇತಿಹಾಸ ಬೇರೆ. ಆ ಇತಿಹಾಸವನ್ನು ತಿಳಿದರೆ ಒಂದು ಗಿಡ ನಮ್ಮ ಮಳೆಯಲ್ಲಿ ಏಕೆ ಸೊರಗುತ್ತದೆ, ಇನ್ನೊಂದು ಏಕೆ ಉಳಿಯುತ್ತದೆ ಎಂಬುದು ಅರ್ಥವಾಗುತ್ತದೆ. ‘ನಾಟಿ’ ಎಂದು ನಾವು ಕರೆಯುವ ಗಿಡ ನಿಜಕ್ಕೂ ಎಷ್ಟು ದೂರದ್ದು ಎಂಬುದೂ ತಿಳಿಯುತ್ತದೆ.

ಹೆಸರಿನಲ್ಲೇ ಭಟ್ಟಿ

ಮೊದಲು ಹೆಸರನ್ನು ನೋಡೋಣ. ಪರ್ಷಿಯನ್ ಭಾಷೆಯಲ್ಲಿ ‘ಗುಲ್’ ಎಂದರೆ ಹೂವು, ‘ಆಬ್’ ಎಂದರೆ ನೀರು. ಎಂದರೆ ‘ಗುಲಾಬ್’ ಮೂಲದಲ್ಲಿ ಹೂವಿನ ಹೆಸರಲ್ಲ, ಹೂವಿನಿಂದ ತೆಗೆದ ನೀರಿನ ಹೆಸರು. ನಾವು ನೀರಿನ ಹೆಸರನ್ನು ಹೂವಿಗೆ ಇಟ್ಟೆವು. ನಮ್ಮದೇ ‘ಪನ್ನೀರು’ ಎಂಬ ಪದವನ್ನು ಬಿಡಿಸಿದರೂ ಅಲ್ಲಿಗೇ ಬರುತ್ತೇವೆ: ಪನಿ ಎಂದರೆ ಹನಿ. ಹನಿಹನಿಯಾಗಿ ಇಳಿದ ನೀರು ಪನ್ನೀರು. ಭಟ್ಟಿ ಇಳಿಸುವ ಕ್ರಿಯೆಯ ಚಿತ್ರವೇ ಆ ಪದದಲ್ಲಿದೆ.

ಭಟ್ಟಿಯ ಹಿಂದಿನ ಭೌತವಿಜ್ಞಾನ ಸ್ವಾರಸ್ಯಕರ. ಗುಲಾಬಿಯ ಪರಿಮಳಕ್ಕೆ ಕಾರಣವಾದ ಸಂಯುಕ್ತಗಳಲ್ಲಿ ಜೆರೇನಿಯಾಲ್ ಒಂದು. ಅದರ ಕುದಿಬಿಂದು ಸುಮಾರು 230 ಡಿಗ್ರಿ ಸೆಲ್ಸಿಯಸ್. ಅಷ್ಟು ಬಿಸಿ ಮಾಡಿದರೆ ದಳಗಳು ಕರಕಾಗುತ್ತವೆ. ಆದರೆ ದಳಗಳನ್ನು ನೀರಿನಲ್ಲಿ ಕುದಿಸಿದಾಗ ಆವಿಯೊಡನೆ ಜೆರೇನಿಯಾಲ್ ಕೂಡ 100 ಡಿಗ್ರಿಗಿಂತ ತುಸು ಕೆಳಗೇ ಹೊರಬರುತ್ತದೆ. ಒಂದರಲ್ಲೊಂದು ಬೆರೆಯದ ಎರಡು ದ್ರವಗಳು ಒಟ್ಟಿಗಿದ್ದಾಗ ಪ್ರತಿಯೊಂದೂ ತನ್ನ ಆವಿಯ ಒತ್ತಡವನ್ನು ತಾನೇ ಬೀರುತ್ತದೆ. ಎರಡೂ ಒತ್ತಡಗಳ ಮೊತ್ತ ವಾಯುಮಂಡಲದ ಒತ್ತಡಕ್ಕೆ ಸಮನಾದೊಡನೆ ಮಿಶ್ರಣ ಕುದಿಯುತ್ತದೆ. ತಂಪಾದ ಆವಿಯ ಮೇಲೆ ತೇಲುವ ಎಣ್ಣೆಯೇ ಅತ್ತರು. ಕೆಳಗೆ ಉಳಿಯುವ ನೀರು ಪನ್ನೀರು. ಪರಿಮಳದ ಮತ್ತೊಂದು ಸಂಯುಕ್ತವಾದ ಫೀನೈಲ್ ಇಥೈಲ್ ಆಲ್ಕೊಹಾಲ್ ನೀರಿನಲ್ಲಿ ಹೆಚ್ಚು ಕರಗುವುದರಿಂದ ಅದರ ಬಹುಭಾಗ ಪನ್ನೀರಿನಲ್ಲೇ ನಿಲ್ಲುತ್ತದೆ. ಒಂದು ಕಿಲೋಗ್ರಾಂ ಅತ್ತರಿಗೆ ಸುಮಾರು 3,000ದಿಂದ 4,000 ಕಿಲೋಗ್ರಾಂ ಹೂವು ಬೇಕು ಎಂದರೆ ಅದರ ಬೆಲೆ ಏಕೆ ಅಷ್ಟು ಎಂಬುದು ಹೊಳೆಯುತ್ತದೆ.

ಭಟ್ಟಿ ಎಂಬ ಮಾತು ಭದ್ರಾವತಿಗೆ ಹೊಸದಲ್ಲ. 1923ರಲ್ಲಿ ಕಬ್ಬಿಣ ತಯಾರಿಸತೊಡಗಿದ ಇಲ್ಲಿನ ಕಾರ್ಖಾನೆಯಲ್ಲಿ ಮಲೆನಾಡಿನ ಮರವನ್ನು ಗಾಳಿಯಿಲ್ಲದೆ ಕಾಯಿಸಿ ಇದ್ದಿಲು ಮಾಡುತ್ತಿದ್ದರು. ಹೊರಟ ಆವಿಯನ್ನು ತಂಪಾಗಿಸಿ ಮೆಥನಾಲ್‌ನಂತಹ ಉಪ ಉತ್ಪನ್ನಗಳನ್ನು ಪಡೆಯುತ್ತಿದ್ದರು. ಅಲ್ಲಿ ನಡೆದದ್ದು ಮರದ ಒಣ ಭಟ್ಟಿ, ಪನ್ನೀರಿನದು ಆವಿ ಭಟ್ಟಿ. ಆವಿಯಾಗಿಸುವುದು, ತಂಪಾಗಿಸುವುದು, ಹನಿಯಾಗಿ ಹಿಡಿಯುವುದು ಎರಡಕ್ಕೂ ಸಮಾನ.

ಒಮ್ಮೆ ಅರಳುವುದು, ಮತ್ತೆ ಮತ್ತೆ ಅರಳುವುದು

ಗುಲಾಬಿಯ ಕುಲ ರೋಸಾ. ಇದರಲ್ಲಿ ಸುಮಾರು 150 ಕಾಡು ಪ್ರಭೇದಗಳಿವೆ. ಎಲ್ಲವೂ ಭೂಮಿಯ ಉತ್ತರಾರ್ಧದವು. ನಮ್ಮ ಪಶ್ಚಿಮ ಘಟ್ಟಗಳ ದಕ್ಷಿಣ ತುದಿಯ ಎತ್ತರದ ಬೆಟ್ಟಗಳಲ್ಲೂ, ಎಂದರೆ ನೀಲಗಿರಿ ಮತ್ತು ಪಳನಿಗಳಲ್ಲೂ, ಬಿಳಿ ಹೂವಿನ ಒಂದು ಕಾಡು ಗುಲಾಬಿ ಇದೆ. ಫ್ರೆಂಚ್ ಸಸ್ಯವಿಜ್ಞಾನಿ ಲೆಶೆನೋ ಅವರ ಹೆಸರಿನಲ್ಲಿ ಅದನ್ನು ರೋಸಾ ಲೆಶೆನಾಲ್ಟಿಯಾನಾ ಎಂದು ಕರೆಯುತ್ತಾರೆ.

ಕಾಡು ಗುಲಾಬಿಗಳಲ್ಲಿ ಹೆಚ್ಚಿನವು ವರ್ಷಕ್ಕೆ ಒಂದೇ ಸಲ ಅರಳುತ್ತವೆ. ಯೂರೋಪ್ ಮತ್ತು ಪಶ್ಚಿಮ ಏಷ್ಯಾದ ತೋಟದ ಗುಲಾಬಿಗಳೂ ಬಹುಮಟ್ಟಿಗೆ ಹಾಗೆಯೇ ಇದ್ದವು. ಅತ್ತರಿಗೆ ಹೆಸರಾದ ಡಮಾಸ್ಕ್ ಗುಲಾಬಿಯದು ಪರಿಮಳದ ಮನೆತನ. ಅದು ಮೂರು ಪ್ರಭೇದಗಳು ಬೆರೆತು ಹುಟ್ಟಿದ್ದು ಎಂದು ಜಪಾನಿನ ಸಂಶೋಧಕರು 2000ದಲ್ಲಿ ಡಿಎನ್‌ಎ ಪರೀಕ್ಷೆಯಿಂದ ತೋರಿಸಿದರು. ಅದರ ಒಂದು ಬಗೆ ಮಾತ್ರ ಬೇಸಗೆಯಲ್ಲಿ ಅರಳಿ, ಶರತ್ಕಾಲದಲ್ಲಿ ಮತ್ತೊಮ್ಮೆ ಸ್ವಲ್ಪ ಹೂ ಬಿಡುತ್ತಿತ್ತು.

ಚೀನಾದ ಕಥೆಯೇ ಬೇರೆ. ಅಲ್ಲಿನ ತೋಟಗಾರರ ಬಳಿ ವರ್ಷವಿಡೀ ಹೂ ಬಿಡುವ ಗುಲಾಬಿಗಳಿದ್ದವು. 1790ರ ದಶಕದಿಂದ 1820ರ ದಶಕದೊಳಗೆ ಅಂತಹ ನಾಲ್ಕು ಗುಲಾಬಿಗಳು ಇಂಗ್ಲೆಂಡನ್ನು ತಲುಪಿ ಪ್ರಸಿದ್ಧವಾದವು. ಚೀನಾದ ಸಸ್ಯಗಳನ್ನು ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ಸಾಗಿಸುತ್ತಿದ್ದ ಕಾಲವದು. ತಿಂಗಳುಗಟ್ಟಲೆ ಕಡಲ ಪ್ರಯಾಣದಲ್ಲಿ ಉಪ್ಪು ಗಾಳಿಗೆ ಸಿಕ್ಕಿ ಗಿಡಗಳು ಸಾಯುತ್ತಿದ್ದವು. ಕಲ್ಕತ್ತಾದ ಸಸ್ಯೋದ್ಯಾನ ಅವಕ್ಕೆ ನಡುದಾರಿಯ ಛತ್ರ. ಅಲ್ಲಿ ಇಳಿಸಿ, ಚೇತರಿಸಿಕೊಂಡ ಮೇಲೆ ಮುಂದಕ್ಕೆ ಕಳಿಸುತ್ತಿದ್ದರು. ಹೀಗಾಗಿ ಚೀನಾದ ಗುಲಾಬಿಗೆ ಫ್ರೆಂಚರು ಇಟ್ಟ ಹೆಸರು ‘ಬಂಗಾಳದ ಗುಲಾಬಿ’! ಹೊರಟ ಊರು ಮರೆತು, ತಂಗಿದ ಊರು ಹೆಸರಾಗಿ ಉಳಿಯಿತು.

ಚೀನಾದ ಗುಲಾಬಿ ಮತ್ತೆ ಮತ್ತೆ ಅರಳುವುದೇಕೆ? ಇದಕ್ಕೆ ಉತ್ತರ ಸಿಕ್ಕಿದ್ದು ಇತ್ತೀಚೆಗೆ, 2012ರಲ್ಲಿ. ಹೂ ಬಿಡುವುದನ್ನು ತಡೆಹಿಡಿಯುವ ಒಂದು ಜೀನ್ ಗುಲಾಬಿಯಲ್ಲಿದೆ. ವಸಂತದಲ್ಲಿ ಅದರ ಹಿಡಿತ ಸಡಿಲವಾಗಿ ಹೂ ಬರುತ್ತದೆ. ಆಮೇಲೆ ಹಿಡಿತ ಬಿಗಿಯಾಗಿ ಗಿಡ ಎಲೆ ಮತ್ತು ಕಾಂಡಗಳನ್ನಷ್ಟೇ ಬೆಳೆಸುತ್ತದೆ. ಚೀನಾದ ಗುಲಾಬಿಯಲ್ಲಿ ಆ ಜೀನಿನ ನಡುವೆ ಡಿಎನ್‌ಎಯ ಒಂದು ಜಿಗಿಯುವ ತುಣುಕು ಬಂದು ಕುಳಿತಿದೆ. ಜೀನ್ ಕೆಟ್ಟಿದೆ, ತಡೆ ಹೋಗಿದೆ. ಬ್ರೇಕ್ ಇಲ್ಲದ ಬಂಡಿಯಂತೆ ಗಿಡ ವರ್ಷವಿಡೀ ಹೂ ಬಿಡುತ್ತದೆ. ಎಂದರೆ ನಾವು ಗುಲಾಬಿಯಲ್ಲಿ ಮೆಚ್ಚುವ ಗುಣ ಒಂದು ಲೋಪದ ಫಲ. ನೂರಾರು ವರ್ಷಗಳ ಹಿಂದೆ ಯಾರೋ ಚೀನೀ ತೋಟಗಾರ ಅದನ್ನು ಗುರುತಿಸಿ, ಕಡ್ಡಿ ನೆಟ್ಟು ಉಳಿಸಿದ. ಈ ಲಕ್ಷಣ ಅಪ್ರಬಲವಾದದ್ದು. ಆದುದರಿಂದ ವರ್ಷಕ್ಕೊಮ್ಮೆ ಅರಳುವ ಗಿಡದೊಡನೆ ಸಂಕರಿಸಿದರೆ ಮೊದಲ ಪೀಳಿಗೆಯಲ್ಲಿ ಸಾಮಾನ್ಯವಾಗಿ ಮರೆಯಾಗುತ್ತದೆ. ಮೆಂಡೆಲ್‌ನ ನಿಯಮಗಳು ತಿಳಿಯದ ಆ ಕಾಲದ ಯೂರೋಪಿನ ತೋಟಗಾರರು ನಿರಾಶರಾದದ್ದು ಸಹಜ.

ಬೂರ್ಬೋನ್ ದ್ವೀಪದ ಬೇಲಿ

ಪೂರ್ವ ಪಶ್ಚಿಮಗಳ ಮಿಲನ ಯಾರೂ ಯೋಜಿಸದೆ ಒಂದು ಬೇಲಿಯಲ್ಲಿ ನಡೆಯಿತು. ಸೂಯೆಜ್ ಕಾಲುವೆ ತೆರೆಯುವ ಮೊದಲು, ಎಂದರೆ 1869ಕ್ಕೆ ಹಿಂದೆ, ಯೂರೋಪಿನಿಂದ ಭಾರತಕ್ಕೆ ಬರುವ ಹಡಗುಗಳು ಆಫ್ರಿಕಾವನ್ನು ಸುತ್ತಿ ಹಿಂದೂ ಮಹಾಸಾಗರಕ್ಕೆ ಬರುತ್ತಿದ್ದವು. ಆ ದಾರಿಯ ನಿಲ್ದಾಣಗಳಲ್ಲಿ ಒಂದು ಬೂರ್ಬೋನ್ ದ್ವೀಪ, ಇಂದಿನ ರಿಯೂನಿಯನ್. ಅಲ್ಲಿನ ರೈತರು ಹೊಲಗಳ ಸುತ್ತ ಬೇಲಿಯಾಗಿ ಗುಲಾಬಿ ನೆಡುತ್ತಿದ್ದರು. ಒಂದು ಸಾಲು ಚೀನಾದ ನಸುಗೆಂಪು ಗುಲಾಬಿ, ಇನ್ನೊಂದು ಸಾಲು ಎರಡು ಸಲ ಅರಳುವ ಡಮಾಸ್ಕ್. ನಡುವಿನ ಕೆಲಸವನ್ನು ದುಂಬಿಗಳು ಮಾಡಿದವು.

ಎದ್ವಾರ್ ಪೆರಿಶೋನ್ ಎಂಬ ಅಲ್ಲಿನ ಜಮೀನುದಾರ ತನ್ನ ಬೇಲಿಯ ಸಸಿಗಳ ನಡುವೆ ಒಂದು ವಿಚಿತ್ರ ಸಸಿಯನ್ನು ಕಂಡು ಬೇರೆಯಾಗಿ ನೆಟ್ಟ ಎಂದು ದ್ವೀಪದ ಕಥೆ ಹೇಳುತ್ತದೆ. 1817ರಲ್ಲಿ ಸಸ್ಯವಿಜ್ಞಾನಿ ಬ್ರೆಯೋನ್ ದ್ವೀಪಕ್ಕೆ ಬರುವ ವೇಳೆಗೆ ಆ ಗಿಡ ‘ಎದ್ವಾರ್ ಗುಲಾಬಿ’ ಎಂದು ಅಲ್ಲಿ ಹೆಸರಾಗಿತ್ತು. ಆತ ಅದರ ಬೀಜಗಳನ್ನು ಪ್ಯಾರಿಸ್ಸಿನ ಬಳಿಯ ತೋಟಕ್ಕೆ ಕಳಿಸಿದ. ಆ ಬೀಜಗಳಿಂದ ಎದ್ದ ಗಿಡಗಳೇ ಯೂರೋಪಿನ ‘ಬೂರ್ಬೋನ್ ಗುಲಾಬಿ’ಗಳ ಮೂಲ. ಕಥೆಯ ಕೆಲವು ವಿವರಗಳ ಬಗ್ಗೆ ತಜ್ಞರಲ್ಲಿ ಚರ್ಚೆಯಿದೆ. ಈ ಸಂಕರ ಕಲ್ಕತ್ತಾದ ತೋಟದಲ್ಲೇ ಮೊದಲು ಆಗಿರಬಹುದು ಎನ್ನುವವರೂ ಇದ್ದಾರೆ. ಆದರೆ ಅದರ ತಂದೆತಾಯಿಯರು ಚೀನಾ ಮತ್ತು ಡಮಾಸ್ಕ್ ಗುಲಾಬಿಗಳು ಎಂಬುದನ್ನು ಸಾಮಾನ್ಯವಾಗಿ ಒಪ್ಪುತ್ತಾರೆ. ಯೂರೋಪಿನ ತೋಟಗಳಲ್ಲಿ ಎದ್ವಾರ್ ಗುಲಾಬಿ ಮರೆಯಾದಂತಾಯಿತು. ಭಾರತದಲ್ಲಿ ಅದು ‘ಎಡ್ವರ್ಡ್’ ಆಗಿ, ‘ಪನ್ನೀರು’ ಆಗಿ ಲಕ್ಷಾಂತರ ಹಿತ್ತಲುಗಳಲ್ಲಿ ನೆಲೆಸಿತು. ದಳಗಳು ಗುಲ್ಕನ್ನಿಗೆ, ಹೂವು ಪೂಜೆಗೆ ಮತ್ತು ಮುಡಿಗೆ.

ಇಲ್ಲಿ ಒಂದು ಸಂಗತಿಯನ್ನು ನೀವು ನಿಧಾನವಾಗಿ ಯೋಚಿಸಬೇಕು. ಸಂಕರ ಗಿಡದ ಬೀಜ ನೆಟ್ಟರೆ ತಾಯಿಯಂತಹ ಗಿಡ ಬರುವುದಿಲ್ಲ, ಗುಣಗಳು ಚದುರಿಹೋಗುತ್ತವೆ. ತಾಯಿಯ ಗುಣಗಳೆಲ್ಲ ಹಾಗೆಯೇ ಬರಬೇಕಾದರೆ ಕಡ್ಡಿಯನ್ನೇ ನೆಡಬೇಕು. ಕಡ್ಡಿಯಿಂದ ಬಂದ ಗಿಡ ತಾಯಿಯ ಮಗಳಲ್ಲ, ತಾಯಿಯೇ. ಅದೇ ಜೀನುಗಳ ಸಮುಚ್ಚಯ, ಅದೇ ದೇಹದ ಮುಂದುವರಿಕೆ. ಹಾಗಾದರೆ ಶಿವಮೊಗ್ಗದ ನಿಮ್ಮ ಹಿತ್ತಲ ಪನ್ನೀರು ಗುಲಾಬಿ ಬೇಲಿಯಲ್ಲಿ ಹುಟ್ಟಿದ ಆ ಒಂದೇ ಸಸಿಯ ಒಂದು ಟೊಂಗೆ. ಇನ್ನೂರು ವರ್ಷಗಳಿಂದ ಅದು ಸತ್ತಿಲ್ಲ. ಕೈಯಿಂದ ಕೈಗೆ ಹೋಗಿ ಬದುಕಿದೆ. ಕೈಗಳು ನಿಂತರೆ ಮಾತ್ರ ಅದು ಸಾಯುತ್ತದೆ.

ಕಣ್ಣುಕಸಿಯ ಕಾಲ

ಬೂರ್ಬೋನ್ ಗುಲಾಬಿಗಳ ನಂತರ ಸಂಕರಣದ ವೇಗ ಹೆಚ್ಚಿತು. 1867ರಲ್ಲಿ ಫ್ರಾನ್ಸಿನ ಗಿಯೋ ‘ಲಾ ಫ್ರಾನ್ಸ್’ ಎಂಬ ತಳಿಯನ್ನು ಬಿಡುಗಡೆ ಮಾಡಿದ. ಇದನ್ನು ಮೊದಲ ‘ಹೈಬ್ರಿಡ್ ಟೀ’ ಎಂದು ಎಣಿಸುತ್ತಾರೆ. ಉದ್ದನೆಯ ಮೊಗ್ಗು, ಎತ್ತರದ ನಡುಭಾಗ, ತೊಟ್ಟಿಗೊಂದು ಹೂವು: ಇಂದು ಅಂಗಡಿಯಲ್ಲಿ ಕಾಣುವ ಗುಲಾಬಿಯ ರೂಪ ಅಲ್ಲಿಂದ ಬಂದದ್ದು. ಆದರೆ ಕಡು ಹಳದಿ ಬಣ್ಣ ಸಿಕ್ಕಿರಲಿಲ್ಲ. ಪೆರ್ನೆ ದುಶೆ ಎಂಬ ತಳಿಗಾರ ಪಶ್ಚಿಮ ಏಷ್ಯಾದ ಒಂದು ಹಳದಿ ಗುಲಾಬಿಯನ್ನು ಬಳಸಿ ವರ್ಷಗಟ್ಟಲೆ ದುಡಿದು 1900ರಲ್ಲಿ ‘ಸೊಲೇ ದೋರ್’ ಎಂಬ ತಳಿ ತಂದ. ಇಂದಿನ ಹಳದಿ, ಕಿತ್ತಳೆ ಬಣ್ಣಗಳ ಬಹುಪಾಲು ಆ ದಾರಿಯಿಂದ ಬಂದವು. ಅದರ ಜೊತೆಗೇ ಒಂದು ದೌರ್ಬಲ್ಯವೂ ಬಂತು. ಆ ಹಳದಿ ಗುಲಾಬಿ ಒಣಹವೆಯ ಸಸ್ಯ. ಎಲೆಯ ಕಪ್ಪುಚುಕ್ಕೆ ರೋಗಕ್ಕೆ ಅದು ಸುಲಭದ ತುತ್ತು. ಬಣ್ಣದೊಂದಿಗೆ ಆ ಗುಣವೂ ಆಧುನಿಕ ತಳಿಗಳಿಗೆ ಹರಡಿತು ಎಂದು ತಳಿ ತಜ್ಞರು ಹೇಳುತ್ತಾರೆ.

ಈ ಹೊಸ ಗುಲಾಬಿಗಳಲ್ಲಿ ಅನೇಕವು ಸ್ವಂತ ಬೇರಿನ ಮೇಲೆ ಚೆನ್ನಾಗಿ ಬೆಳೆಯುವುದಿಲ್ಲ. ಆದುದರಿಂದ ಗಟ್ಟಿಯಾದ ಇನ್ನೊಂದು ಗುಲಾಬಿಯ ಕಾಂಡದ ತೊಗಟೆಯನ್ನು ಸೀಳಿ, ಬೇಕಾದ ತಳಿಯ ಒಂದು ಕಣ್ಣನ್ನು ಅದರೊಳಗೆ ಸೇರಿಸಿ ಕಟ್ಟುತ್ತಾರೆ. ಇದೇ ಕಣ್ಣುಕಸಿ. ಭಾರತದ ನರ್ಸರಿಗಳಲ್ಲಿ ಬೇರುಸಸ್ಯವಾಗಿ ಬಳಕೆಯಾದ ಗಿಡಗಳಲ್ಲಿ ನಮ್ಮ ಎಡ್ವರ್ಡ್ ಗುಲಾಬಿಯೂ ಒಂದು! ಹೊಸ ಗುಲಾಬಿಯ ಅಂದಕ್ಕೆ ಹಳೆಯ ಗುಲಾಬಿ ನೆಲದಡಿಯಲ್ಲಿ ದುಡಿದಿದೆ.

ಕರ್ನಾಟಕದಲ್ಲಿ ಮನೆಯಂಗಳಕ್ಕೆ ತೋಟಗಾರಿಕೆಯ ಅಭಿರುಚಿ ಬಂದದ್ದು ಬಹುಮಟ್ಟಿಗೆ ಬೆಂಗಳೂರಿನ ಲಾಲ್‌ಬಾಗಿನ ಪ್ರಭಾವದಿಂದ. ಹೈದರಾಲಿ 1760ರಲ್ಲಿ ಆರಂಭಿಸಿದ ಈ ತೋಟಕ್ಕೆ 1908ರಲ್ಲಿ ಜರ್ಮನಿಯ ಕ್ರುಂಬೀಗಲ್ ಬಂದರು. ಮೈಸೂರು ಸಂಸ್ಥಾನದ ಉದ್ಯಾನಗಳಿಗೆ ರೂಪ ಕೊಟ್ಟ ಅವರು 1956ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. 1930ರ ದಶಕದಲ್ಲಿ ಬೆಂಗಳೂರಿನ ಕೆ.ಎಸ್. ಗೋಪಾಲಸ್ವಾಮಿ ಅಯ್ಯಂಗಾರ್ ಭಾರತದ ಮನೆತೋಟಗಳಿಗಾಗಿ ಇಂಗ್ಲಿಷಿನಲ್ಲಿ ಒಂದು ಸಮಗ್ರ ಕೈಪಿಡಿ ಬರೆದರು. ಅವರ ಮನೆತನದ ನರ್ಸರಿ ಗುಲಾಬಿಗೆ ಹೆಸರಾಯಿತು. ಭದ್ರಾವತಿಯಂತಹ ಕಾರ್ಖಾನೆ ಊರುಗಳಲ್ಲಿ ಪ್ರತಿ ಕ್ವಾರ್ಟರ್ಸಿಗೂ ಒಂದಿಷ್ಟು ಅಂಗಳವಿತ್ತು. ಬೇರೆ ಬೇರೆ ಊರುಗಳಿಂದ ಕೆಲಸಕ್ಕೆ ಬಂದ ಕುಟುಂಬಗಳು ತಮ್ಮ ತಮ್ಮ ಊರಿನ ಗಿಡಗಳನ್ನು ತಂದವು. ವಿನಿಮಯಕ್ಕೆ ಬೇಲಿಯೇ ಅಂಗಡಿ.

ಮಳೆ, ಎಲೆ, ಏಳು ಗಂಟೆ

ಈಗ ನಮ್ಮ ಊರಿನ ಪ್ರಶ್ನೆಗೆ ಬರೋಣ. ಶಿವಮೊಗ್ಗ ಜಿಲ್ಲೆ ಮಳೆಯ ಪ್ರಯೋಗಶಾಲೆ ಇದ್ದಂತೆ. ಪಶ್ಚಿಮದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ. ಪೂರ್ವಕ್ಕೆ ಬಂದಂತೆ ಅದು ವೇಗವಾಗಿ ಇಳಿಯುತ್ತದೆ. ಶಿವಮೊಗ್ಗ, ಭದ್ರಾವತಿಗಳಿಗೆ ದಕ್ಕುವುದು ಅದರ ಒಂದು ಸಣ್ಣ ಪಾಲು. ಆದರೆ ಗುಲಾಬಿಗೆ ಮುಖ್ಯವಾದದ್ದು ಎಷ್ಟು ಮಿಲಿಮೀಟರ್ ಬಿತ್ತು ಎಂಬುದಲ್ಲ, ಎಲೆ ಎಷ್ಟು ಹೊತ್ತು ಒದ್ದೆಯಾಗಿತ್ತು ಎಂಬುದು.

ಕಪ್ಪುಚುಕ್ಕೆ ರೋಗವನ್ನು ತರುವ ಶಿಲೀಂಧ್ರದ ಹೆಸರು ಡಿಪ್ಲೊಕಾರ್ಪಾನ್ ರೋಸೆ. ಅದರ ಬೀಜಾಣುಗಳು ಮಳೆಹನಿ ಸಿಡಿದಾಗ ಎಲೆಯಿಂದ ಎಲೆಗೆ ಹಾರುತ್ತವೆ. ಬಿದ್ದ ಬೀಜಾಣು ಮೊಳೆತು ಎಲೆಯೊಳಗೆ ಇಳಿಯಬೇಕಾದರೆ ಎಲೆಯ ಮೇಲೆ ನೀರಿನ ಪದರ ಸುಮಾರು ಏಳು ಗಂಟೆ ಎಡೆಬಿಡದೆ ಇರಬೇಕು. ನಡುವೆ ಎಲೆ ಒಣಗಿದರೆ ಬೀಜಾಣುವಿನ ಪ್ರಯತ್ನ ವಿಫಲ. ಒಂದು ಗಂಟೆ ಧಾರಾಕಾರ ಸುರಿದು ಬಿಸಿಲು ಬಂದರೆ ಅಪಾಯ ಕಡಿಮೆ. ದಿನವಿಡೀ ಜಿಟಿಜಿಟಿ ಹನಿಯುವ ಆಷಾಢದ ಮಳೆ, ತಂಪು ಹವೆ, ನಿಂತ ಗಾಳಿ ಸೇರಿದರೆ ರೋಗಕ್ಕೆ ಹಬ್ಬ. ನೀರಿನ ಪದರ ಆರಬೇಕಾದರೆ ಸುತ್ತಲಿನ ಗಾಳಿಯಲ್ಲಿ ಆವಿಗೆ ಎಡೆ ಇರಬೇಕು. ಗಾಳಿ ಸಂತೃಪ್ತವಾಗಿದ್ದರೆ ಆವಿಯಾದಷ್ಟೇ ನೀರು ಮರಳಿ ಸಾಂದ್ರೀಕರಿಸುತ್ತದೆ. ರಾತ್ರಿ ಎಲೆ ತನ್ನ ಶಾಖವನ್ನು ಆಕಾಶಕ್ಕೆ ವಿಕಿರಣವಾಗಿ ಕಳೆದುಕೊಂಡು ಸುತ್ತಲ ಗಾಳಿಗಿಂತ ತಣ್ಣಗಾಗುವುದರಿಂದ ಮಳೆಯಿಲ್ಲದ ದಿನವೂ ಇಬ್ಬನಿ ಕೂರುತ್ತದೆ. ಸಂಜೆ ಗಿಡದ ಮೇಲೆಲ್ಲ ನೀರು ಎರಚುವವರು ಶಿಲೀಂಧ್ರಕ್ಕೆ ಬೇಕಾದ ಏಳು ಗಂಟೆಯನ್ನು ತಾವೇ ಒದಗಿಸುತ್ತಾರೆ!

ಹೈಬ್ರಿಡ್ ಟೀ ಗುಲಾಬಿಗಳು ಬಹುಮಟ್ಟಿಗೆ ತಂಪು ದೇಶಗಳಿಗಾಗಿ ಆಯ್ದ ತಳಿಗಳು. ಚಳಿಗಾಲದಲ್ಲಿ ಎಲೆ ಉದುರಿಸಿ ವಿಶ್ರಮಿಸಲು ಅವಕ್ಕೆ ಅಲ್ಲಿ ಎಡೆಯಿದೆ. ಇಲ್ಲಿ ಚಳಿಗಾಲವೇ ಇಲ್ಲ, ಮಳೆಗಾಲ ನಾಲ್ಕು ತಿಂಗಳು. ಎಡ್ವರ್ಡ್ ಗುಲಾಬಿ ಬೆಳೆದ ರಿಯೂನಿಯನ್ ದಕ್ಷಿಣಕ್ಕೆ ಸುಮಾರು 21 ಡಿಗ್ರಿ ಅಕ್ಷಾಂಶದ ಉಷ್ಣವಲಯದ ದ್ವೀಪ. ಶಿವಮೊಗ್ಗ ಉತ್ತರಕ್ಕೆ ಸುಮಾರು 14 ಡಿಗ್ರಿ. ಎಡ್ವರ್ಡಿಗೂ ರೋಗ ಬರುವುದುಂಟು. ಆದರೆ ಎಲೆ ಉದುರಿದರೂ ಸ್ವಂತ ಬೇರಿನಿಂದ ಮತ್ತೆ ಚಿಗುರುತ್ತದೆ. ಕಸಿ ಗಿಡದ ಮೇಲ್ಭಾಗ ಸತ್ತರೆ ಚಿಗುರುವುದು ಬೇರುಸಸ್ಯ ಮಾತ್ರ. “ಕೆಂಪು ಗುಲಾಬಿ ತಂದೆವು, ಈಗ ಬೇರೆ ಹೂ ಬಿಡುತ್ತಿದೆ” ಎಂದು ಜನ ಹೇಳುವ ಅಚ್ಚರಿಯ ಗುಟ್ಟು ಇದೇ.

ನಮ್ಮ ಹವೆಗೆ ನಮ್ಮ ಗುಲಾಬಿ

ಈ ಸಮಸ್ಯೆಯನ್ನು ನಮ್ಮ ವಿಜ್ಞಾನಿಗಳು ಗಮನಿಸದೆ ಇಲ್ಲ. ಬೆಂಜಮಿನ್ ಪಿಯರಿ ಪಾಲ್ (1906–1989) ಅವರ ಹೆಸರು ಗೋಧಿ ಸಂಶೋಧನೆಯಲ್ಲಿ ದೊಡ್ಡದು. ಮೂರೂ ಬಗೆಯ ತುಕ್ಕು ರೋಗಗಳನ್ನು ತಡೆದುಕೊಳ್ಳುವ ಎನ್‌ಪಿ 809 ಗೋಧಿ ಅವರ ಕೊಡುಗೆ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಮೊದಲ ಮಹಾನಿರ್ದೇಶಕರೂ ಅವರೇ. ಬಿಡುವಿನಲ್ಲಿ ಅವರು ನೂರಕ್ಕೂ ಹೆಚ್ಚು ಗುಲಾಬಿ ತಳಿಗಳನ್ನು ರೂಪಿಸಿದರು. 1966ರಲ್ಲಿ ಭಾರತದ ಗುಲಾಬಿಗಳ ಬಗ್ಗೆ ಒಂದು ಗ್ರಂಥ ಬರೆದರು. ಅವರ ಒಂದು ಬಿಳಿ ಗುಲಾಬಿಯ ಹೆಸರು ‘ಡಾ. ಹೋಮಿ ಭಾಭಾ’ ಎಂಬುದು ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಸಂತೋಷ ಕೊಡಬಹುದು.

ಬೆಂಗಳೂರಿನ ಬಳಿ ಹೆಸರಘಟ್ಟದಲ್ಲಿ 1967ರಲ್ಲಿ ಆರಂಭವಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ‘ಅರ್ಕಾ’ ಎಂಬ ಪೂರ್ವಪದದೊಡನೆ ತಳಿಗಳನ್ನು ಬಿಡುಗಡೆ ಮಾಡುತ್ತದೆ. ಅರ್ಕಾವತಿ ನದಿಯ ನೆನಪು ಅದು. ಅರ್ಕಾ ಪರಿಮಳ, ಅರ್ಕಾ ಸವಿ, ಅರ್ಕಾ ಸ್ವದೇಶ್ ಮುಂತಾದ ಗುಲಾಬಿಗಳು ಅಲ್ಲಿಯವು.

ಇನ್ನೂ ಆಳದಿಂದ ಕೆಲಸ ಮಾಡಿದವರು ಕೊಡೈಕೆನಾಲಿನ ವೀರರಾಘವನ್ ದಂಪತಿಗಳು. ಬಿಸಿ ಹವೆಗೆ ಒಗ್ಗುವ ಗುಲಾಬಿ ಬೇಕಾದರೆ ಬಿಸಿ ಹವೆಯ ಕಾಡು ಗುಲಾಬಿಯನ್ನೇ ತಾಯಿಯಾಗಿ ಬಳಸಬೇಕು ಎಂಬುದು ಅವರ ವಾದ. ಅದಕ್ಕಾಗಿ ಅವರು ಆರಿಸಿದ್ದು ಮಣಿಪುರದ ಬೆಟ್ಟಗಳ ರೋಸಾ ಜೈಗ್ಯಾಂಟಿಯಾ ಮತ್ತು ನೀರು ನಿಲ್ಲುವ ತಗ್ಗಿನಲ್ಲೂ ಬೆಳೆಯುವ ರೋಸಾ ಕ್ಲೈನೊಫಿಲ್ಲಾ. ದಾರಿಯಲ್ಲಿ ಒಂದು ಗಣಿತದ ಅಡ್ಡಿಯಿದೆ. ಈ ಕಾಡು ಗುಲಾಬಿಗಳ ವರ್ಣತಂತುಗಳು 14. ಹೈಬ್ರಿಡ್ ಟೀ ಗುಲಾಬಿಗಳಲ್ಲಿ ಹೆಚ್ಚಿನವುಗಳದು 28. ಇವುಗಳ ಸಂಕರದಲ್ಲಿ ಒಂದು ಕಡೆಯಿಂದ 7, ಇನ್ನೊಂದು ಕಡೆಯಿಂದ 14 ಬಂದು 21 ಆಗುತ್ತದೆ. 21 ಸಮವಾಗಿ ಜೋಡಿಯಾಗದು; ಗಿಡ ಹೆಚ್ಚಾಗಿ ಬಂಜೆಯಾಗುತ್ತದೆ. ತಾಳ್ಮೆಯಿಂದ ಸಾವಿರಾರು ಸಂಕರಗಳನ್ನು ಮಾಡಿ ಅಪವಾದಗಳನ್ನು ಹುಡುಕಬೇಕು. 2019ರಲ್ಲಿ ಈ ದಂಪತಿಗಳು ತಮ್ಮ ಒಂದು ಹಳದಿ ಗುಲಾಬಿಗೆ ಇ.ಕೆ. ಜಾನಕಿ ಅಮ್ಮಾಳ್ ಅವರ ಹೆಸರಿಟ್ಟರು. ಕೃಷಿ ಸಸ್ಯಗಳ ವರ್ಣತಂತುಗಳ ಸಂಖ್ಯೆಗಳನ್ನು ಒಟ್ಟುಗೂಡಿಸಿ 1945ರಲ್ಲಿ ಡಾರ್ಲಿಂಗ್‌ಟನ್ ಜೊತೆ ಪ್ರಸಿದ್ಧ ಕೋಶವನ್ನು ಹೊರತಂದ ವಿಜ್ಞಾನಿ ಆಕೆ. ಹೆಸರಿಗೆ ತಕ್ಕ ಗೌರವ.

ಪರಿಮಳದ ವಿಷಯದಲ್ಲಿಯೂ ಹೊಸ ತಿಳಿವಳಿಕೆ ಬಂದಿದೆ. ದಳಗಳಲ್ಲಿ ಜೆರೇನಿಯಾಲ್ ತಯಾರಾಗಲು ನೆರವಾಗುವ ಒಂದು ಅನಿರೀಕ್ಷಿತ ಕಿಣ್ವವನ್ನು ಫ್ರಾನ್ಸಿನ ಸಂಶೋಧಕರು 2015ರಲ್ಲಿ ಗುರುತಿಸಿದರು. ಪರಿಮಳವಿಲ್ಲದ ಗುಲಾಬಿಗಳಲ್ಲಿ ಅದರ ಜೀನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ರೂಪ, ಬಣ್ಣ, ಬಾಳಿಕೆಗಳಿಗಾಗಿ ಆರಿಸುತ್ತ ಹೋದಾಗ ತಳಿಗಾರರು ಕೇಳದೆ ಉಳಿದ ಗುಣ ಜಾರಿಹೋಯಿತು. ಕಳೆದುಹೋದದ್ದನ್ನು ಮರಳಿ ತರಲು ಪರಿಮಳವಿರುವ ಹಳೆಯ ಗುಲಾಬಿಗಳೇ ಬೇಕು. 2018ರಲ್ಲಿ ಜೀನೋಮ್ ಪೂರ್ಣವಾಗಿ ಓದಲಾದ ಗುಲಾಬಿ ಬೇರೆ ಯಾವುದೂ ಅಲ್ಲ, ‘ಓಲ್ಡ್ ಬ್ಲಶ್’ ಎಂಬ ಆ ಹಳೆಯ ಚೀನೀ ನಸುಗೆಂಪು ಗುಲಾಬಿ. ಬೂರ್ಬೋನ್ ಬೇಲಿಯ ಕಥೆಯಲ್ಲಿ ಪನ್ನೀರು ಗುಲಾಬಿಯ ತಂದೆತಾಯಿಯರಲ್ಲಿ ಒಂದಾಗಿ ಬರುವುದೂ ಅದೇ.

ಇತಿಹಾಸವೇ ಕೈಪಿಡಿ

ಮೇಲಿನದನ್ನೆಲ್ಲ ಓದಿದ ಮೇಲೆ ಮನೆಯಲ್ಲಿ ಗುಲಾಬಿ ಬೆಳೆಸುವ ನಿಯಮಗಳನ್ನು ಬಾಯಿಪಾಠ ಮಾಡಬೇಕಿಲ್ಲ, ನೀವೇ ಊಹಿಸಬಹುದು.

ಎಲೆ ಬೇಗ ಒಣಗಬೇಕು. ಆದುದರಿಂದ ಬೆಳಗಿನ ಬಿಸಿಲು ಬೀಳುವ, ದಿನಕ್ಕೆ ಆರು ಗಂಟೆಯಾದರೂ ಬಿಸಿಲಿರುವ, ಗಾಳಿಯಾಡುವ ಜಾಗ ಆರಿಸಿ. ನೀರನ್ನು ಬೆಳಿಗ್ಗೆ, ಬುಡಕ್ಕೆ ಹಾಕಿ. ಚುಕ್ಕೆ ಬಿದ್ದು ಉದುರಿದ ಎಲೆಗಳನ್ನು ಆರಿಸಿ ದೂರ ಎಸೆಯಿರಿ. ಅಲ್ಲೇ ಬಿಟ್ಟರೆ ಮುಂದಿನ ಮಳೆಗೆ ಬೀಜಾಣುಗಳ ದಾಸ್ತಾನು.

ಬೇರಿಗೆ ಗಾಳಿ ಬೇಕು. ನಮ್ಮ ಜಂಬಿಟ್ಟಿಗೆ ಮಣ್ಣು ನೀರು ಬಸಿಯಲು ಒಳ್ಳೆಯದು. ಆದರೆ ಮಳೆ ಹೆಚ್ಚಿರುವ ಕಡೆ ಸುಣ್ಣದ ಅಂಶ ತೊಳೆದುಹೋಗಿ ಹುಳಿಯಾಗಿರುತ್ತದೆ. ಗುಲಾಬಿಗೆ ರಸಸಾರ 6ರಿಂದ 6.5 ಹಿತ. ಕೆಮ್ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ. ಮಣ್ಣು ತೀರ ಹುಳಿಯಿದ್ದರೆ ತುಸು ಸುಣ್ಣ ಸೇರಿಸಿ. ಕುಂಡದ ತಳದ ತೂತು ಮುಚ್ಚಿಲ್ಲವೆಂದು ಮಳೆಗಾಲಕ್ಕೆ ಮುನ್ನ ನೋಡಿ.

ಕಸಿ ಗಿಡವಾದರೆ ಕಸಿಯ ಗಂಟು ಎಲ್ಲಿದೆ ಎಂದು ಗುರುತಿಸಿಕೊಳ್ಳಿ. ಅದರ ಕೆಳಗಿನಿಂದ ಬರುವ ಚಿಗುರು ಬೇರುಸಸ್ಯದ್ದು, ಬುಡದಲ್ಲೇ ಕಿತ್ತುಹಾಕಿ. ಚಾಟನಿಗೆ ನಮ್ಮಲ್ಲಿ ಮಳೆ ಹಿಂದೆಗೆದ ಮೇಲೆ, ಅಕ್ಟೋಬರ್ ಸುಮಾರಿಗೆ, ಒಳ್ಳೆಯ ಕಾಲ. ಹೊರಮುಖವಾದ ಕಣ್ಣಿನ ತುಸು ಮೇಲೆ ಓರೆಯಾಗಿ ಕತ್ತರಿಸಿದರೆ ಗಿಡದ ನಡು ತೆರೆದು ಗಾಳಿಯಾಡುತ್ತದೆ.

ಪನ್ನೀರು ಗುಲಾಬಿಯಾದರೆ ಇನ್ನೂ ಸುಲಭ. ಮಳೆಗಾಲದ ತೇವದ ಹವೆಯಲ್ಲಿ, ಪೆನ್ಸಿಲ್ ದಪ್ಪದ ಬಲಿತ ಕಡ್ಡಿಯನ್ನು ಗೇಣುದ್ದ ಕತ್ತರಿಸಿ. ಮೂರು ನಾಲ್ಕು ಗೆಣ್ಣುಗಳಿರಲಿ. ಕೆಳಗಿನ ಎರಡು ಗೆಣ್ಣು ಮಣ್ಣಿನೊಳಗೆ ಹೋಗುವಂತೆ ನೆಟ್ಟು, ನೆರಳಿನಲ್ಲಿಡಿ. ಒಂದೂವರೆ ಎರಡು ತಿಂಗಳಲ್ಲಿ ಬೇರೂರುತ್ತದೆ. ಬೇರಿಲ್ಲದ ಕಡ್ಡಿ ಎಲೆಯಿಂದ ಕಳೆದುಕೊಂಡ ನೀರನ್ನು ತುಂಬಿಕೊಳ್ಳಲಾರದು. ತೇವ ತುಂಬಿದ ಗಾಳಿ ಆ ನಷ್ಟವನ್ನು ತಡೆಯುತ್ತದೆ. ಹೈಬ್ರಿಡ್ ಗುಲಾಬಿಗೆ ಶತ್ರುವಾದ ಮಳೆಗಾಲ ಇದರ ಕಡ್ಡಿಗೆ ಬಾಣಂತಿಕೋಣೆ.

ಶಾಲೆಗಳಿಗೆ ಒಂದು ಕೆಲಸ

ಉಪಾಧ್ಯಾಯರು ತರಗತಿಯಲ್ಲಿ ಮಾಡಬಹುದಾದದ್ದು ಬಹಳ ಇದೆ. ಗುಲಾಬಿ ದಳಗಳನ್ನು ಬಿಸಿನೀರಿನಲ್ಲಿ ಕಿವುಚಿ ಸೋಸಿದ ರಸಕ್ಕೆ ನಿಂಬೆರಸ ಹಾಕಿದರೆ ಕೆಂಪೇರುತ್ತದೆ, ವಾಷಿಂಗ್ ಸೋಡಾ ಹಾಕಿದರೆ ಹಸಿರಿನತ್ತ ತಿರುಗುತ್ತದೆ. ಕೆಂಪು, ಹಸಿರು, ನೀಲಿ ಬೆಳಕಿನಲ್ಲಿ ದಳವನ್ನು ನೋಡಿ ಯಾವುದರಲ್ಲಿ ಕಪ್ಪಾಗಿ ಕಾಣುತ್ತದೆ ಎಂದು ಬರೆಯಿಸಿ. ಗುಲಾಬಿಪ್ರಿಯರಾಗಿದ್ದ ಸರ್ ಸಿ.ವಿ. ರಾಮನ್ 1960ರ ದಶಕದಲ್ಲಿ ಬೆಂಗಳೂರಿನಲ್ಲಿ ಹೂಗಳ ಬಣ್ಣಗಳನ್ನು ರೋಹಿತದರ್ಶಕದಿಂದ ಪರೀಕ್ಷಿಸಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಲೇಖನಮಾಲೆ ಬರೆದರು. ವರ್ಣಕಗಳಿಗೆ ಅವರು ಕೊಟ್ಟ ‘ಫ್ಲೋರಾಕ್ರೋಮ್’ ಎಂಬ ಹೆಸರು ನಿಲ್ಲಲಿಲ್ಲ. ಆದರೆ ನೊಬೆಲ್ ಪ್ರಶಸ್ತಿ ಪಡೆದು ಮೂರು ದಶಕ ಕಳೆದ ಮೇಲೂ ಒಂದು ಹೂವನ್ನು ಮೊದಲ ಸಲ ನೋಡುವವರಂತೆ ನೋಡಿದ ಅವರ ಕುತೂಹಲ ಅನುಕರಣೀಯ.

ಇದಕ್ಕಿಂತ ತುರ್ತಿನ ಕೆಲಸ ಇನ್ನೊಂದಿದೆ. ಭದ್ರಾವತಿಯ ಕಾಗದ ಕಾರ್ಖಾನೆಯಲ್ಲಿ 2015–16ರ ಹೊತ್ತಿಗೆ ಉತ್ಪಾದನೆ ನಿಂತ ಮೇಲೆ ಅನೇಕ ಕ್ವಾರ್ಟರ್ಸುಗಳು ಬರಿದಾದವು. ಶಿವಮೊಗ್ಗದಲ್ಲಿ ಹಳೆಯ ಹೆಂಚಿನ ಮನೆಗಳು ಇಳಿದು, ಹಿತ್ತಲುಗಳಿಗೆ ಸಿಮೆಂಟು ಬೀಳುತ್ತಿದೆ. ಜೊತೆಯಲ್ಲೇ ಹೋಗುವ ಗಿಡಗಳನ್ನು ಯಾರೂ ಪಟ್ಟಿ ಮಾಡಿಲ್ಲ. ನಿಮ್ಮ ಶಾಲೆಯ ವಿಜ್ಞಾನ ಸಂಘದ ಮಕ್ಕಳು ತಮ್ಮ ಬೀದಿಯ ಹತ್ತು ಮನೆಗಳಿಗೆ ಹೋಗಿ ಕೇಳಲಿ: ಈ ಗುಲಾಬಿ ಎಲ್ಲಿಂದ ಬಂತು? ಕಡ್ಡಿ ಕೊಟ್ಟವರು ಯಾರು? ಯಾವ ವರ್ಷ? ಯಾವ ತಿಂಗಳಲ್ಲಿ ಹೂವು ಹೆಚ್ಚು? ಮಳೆಗಾಲದಲ್ಲಿ ಎಲೆ ಎಷ್ಟು ಉದುರುತ್ತದೆ? ಹೂವು, ಎಲೆ, ಮುಳ್ಳುಗಳ ಚಿತ್ರ ಬರೆದು, ಪ್ರತಿ ಗಿಡದಿಂದ ಎರಡು ಕಡ್ಡಿ ತಂದು ಶಾಲೆಯ ಕಾಂಪೌಂಡಿನ ಪಕ್ಕದಲ್ಲಿ ಹೆಸರು ಹಚ್ಚಿ ನೆಡಲಿ. ಒಂದೇ ಹೆಸರಿನ ಗಿಡಗಳೆಲ್ಲ ನಿಜಕ್ಕೂ ಒಂದೇ ತಳಿಯೇ ಎಂಬುದನ್ನು ಪಕ್ಕಪಕ್ಕದಲ್ಲಿ ಬೆಳೆದಾಗ ಅವರೇ ತೀರ್ಮಾನಿಸಲಿ. ಇದಕ್ಕೆ ಉಪಕರಣ ಬೇಡ, ಅನುದಾನ ಬೇಡ.

ಬೂರ್ಬೋನ್ ದ್ವೀಪದಲ್ಲಿ ಬೇಲಿಯ ಸಸಿಗಳ ನಡುವೆ ಒಂದು ಬೇರೆಯಾಗಿದೆ ಎಂದು ಗಮನಿಸಿ ಅದನ್ನು ಕಿತ್ತೆಸೆಯದೆ ಉಳಿಸಿದ್ದು ಒಬ್ಬ ಕೃಷಿಕ. ಅಲ್ಲಿಂದ ನಮ್ಮ ತುಂಗಾ ಭದ್ರೆಯರ ದಡದವರೆಗೆ ಅದನ್ನು ಸಾಗಿಸಿದವರಲ್ಲಿ ಹೆಚ್ಚಿನವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಈ ಸರಪಳಿಯಲ್ಲಿ ಮುಂದಿನ ಕೊಂಡಿ ನೀವು. ಈ ಮಳೆಗಾಲದಲ್ಲಿ ಒಂದು ಕಡ್ಡಿ ನೆಡಿ. ಬೇರೂರಿದ ಮೇಲೆ ಇನ್ನೊಂದನ್ನು ಪಕ್ಕದ ಮನೆಗೆ ಕೊಡಿ.